ಗಲಾಪಗೋಸ್‌ಗೆ ಮೇ ತಿಂಗಳು, ಹದಿನಾರು ಜನರ ಹಡಗು

ಮೂಡಿಗೆರೆ, 13 ಜುಲೈ 2025, ಭಾನುವಾರ

ಪೆಸಿಫಿಕ್ ಸಾಗರದಲ್ಲಿರುವ, ಇಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಗಳಿಗೆ ಹೋಗಿಬರುವುದೆಂದು ಮನೆಯಲ್ಲಿ ಮಾತಾಗಿ ಬಹಳ ಕಾಲವಾಗಿದ್ದರೂ ಯಾವ ತಿಂಗಳು, ಎಂಥ ಹಡಗು ಎಂಬುದು ಇತ್ಯರ್ಥವಾಗಿರಲಿಲ್ಲ. ಇಂದು ಅದು ಮುಗಿಯಿತು. ಬರುವ ವರ್ಷದ ಮೇ ತಿಂಗಳ ಮೊದಲ ಭಾಗ, ಹದಿನಾರು ಪ್ರಯಾಣಿಕರ ಹಡಗು, ಎಸ್ಪಾನ್ಯೋಲಾ ದ್ವೀಪವನ್ನು ಒಳಗೊಂಡ ಮಾರ್ಗ.

ಕಾಫಿ ತೋಟದವರಿಗೆ ತಿಂಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆಮೇಲೆ ಹೂಮಳೆಯ ನಿರೀಕ್ಷೆ, ಅದು ಕೈಕೊಟ್ಟರೆ ಸ್ಪ್ರಿಂಕ್ಲರ್. ಮುಂಗಾರು ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಮತ್ತು ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ. ಈ ಜಡಿಮಳೆಯಲ್ಲಿ ತೋಟದ ಕೆಲಸ ಹೇಗೂ ಕುಂಟುತ್ತದೆಂಬ ಕಾರಣಕ್ಕೆ ನಮ್ಮ ಮನೆಯವರು ಆಗಸ್ಟ್ ತಿಂಗಳೇ ಆಗಲಿ ಎಂದು ಪಟ್ಟು ಹಿಡಿದಿದ್ದರು. ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಹಂಬೋಲ್ಟ್ ಶೀತಪ್ರವಾಹದ ಪ್ರಭಾವ ಹೆಚ್ಚಿ, ‘ಗರೂವಾ’ ಎನ್ನುವ ಜಿನುಗು ಮಂಜುಮಳೆ ಬೆಟ್ಟಗಳನ್ನು ಆವರಿಸುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲೆಗಳ ಅಬ್ಬರವೂ ಜಾಸ್ತಿ. ಸಣ್ಣ ಹಡಗುಗಳು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೆಚ್ಚಾಗಿ ರಾತ್ರಿಯ ಹೊತ್ತು ಸಾಗುತ್ತವೆ. ಚಾರ್ಮಾಡಿ ಘಾಟಿಯ ತಿರುವುಗಳಿಗೇ ಅವೋಮಿನ್ ಮಾತ್ರೆ ನುಂಗಿ ಕಣ್ಣು ಮುಚ್ಚಿ ಕೂರುವ ಮನುಷ್ಯನಿಗೆ ಅದು ತಕ್ಕ ಕಾಲವಲ್ಲ ಎಂದು ನಾನು ಹೇಳಿದ ಮೇಲೆ ಆಗಸ್ಟಿನ ಪ್ರಸ್ತಾಪ ಮತ್ತೆ ಬರಲಿಲ್ಲ. ಮೇ ತಿಂಗಳೆಂದರೆ ಅಲ್ಲಿ ಬೆಚ್ಚನೆಯ ಋತುವಿನ ಕೊನೆ. ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಸಿಂಪಡಣೆಯನ್ನು ತೋಟದ ಮೇಲ್ವಿಚಾರಕರಾದ ರೈಟರ್ ನೋಡಿಕೊಳ್ಳಲು ಒಪ್ಪಿದ್ದಾರೆ.

ನನ್ನ ಮಟ್ಟಿಗೆ ಮೇ ತಿಂಗಳ ನಿಜವಾದ ಕಾರಣ ಆಲ್ಬಟ್ರಾಸ್. ಗಲಾಪಗೋಸ್‌ನ ಆಲ್ಬಟ್ರಾಸ್ ಹಕ್ಕಿಗಳು ಬಹುತೇಕ ಎಲ್ಲವೂ ಎಸ್ಪಾನ್ಯೋಲಾ ಎಂಬ ಒಂದೇ ದ್ವೀಪದಲ್ಲಿ ಮರಿ ಮಾಡುತ್ತವೆ. ಏಪ್ರಿಲ್‌ನಲ್ಲಿ ಬಂದಿಳಿದು, ಜೋಡಿಗೆ ಒಂದೇ ಮೊಟ್ಟೆಯಿಟ್ಟು, ವರ್ಷದ ಕೊನೆಗೆ ಸಮುದ್ರಕ್ಕೆ ಮರಳುತ್ತವೆ. ಫೆಬ್ರವರಿಯಲ್ಲಿ ಹೋದವರಿಗೆ ಕಾಣುವುದು ಬರಿಯ ಬಂಡೆ. ಜೋಡಿ ಹಕ್ಕಿಗಳು ಎದುರುಬದುರು ನಿಂತು ಹಳದಿ ಕೊಕ್ಕುಗಳನ್ನು ಕತ್ತಿಯಂತೆ ಅಡ್ಡಡ್ಡ ತಾಗಿಸಿ, ಬಾಯಿ ಅಗಲಿಸಿ, ಟಪ್ಪೆಂದು ಮುಚ್ಚಿ, ತಲೆ ಆಕಾಶಕ್ಕೆತ್ತುವ ನರ್ತನವನ್ನು ವಿಡಿಯೊದಲ್ಲಿ ನೋಡಿದಂದಿನಿಂದ ಇದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಮೀರುವ ಈ ಭಾರದ ಹಕ್ಕಿ ಹಾರುವುದಕ್ಕೆ ಕಡಿದಾದ ಬಂಡೆಯ ಅಂಚಿನವರೆಗೆ ನಡೆದುಬರಬೇಕಂತೆ.

ಮಾರ್ಗದ ಆಯ್ಕೆ ಹಡಗಿನ ಆಯ್ಕೆಗಿಂತ ಮುಖ್ಯ ಎಂಬುದು ಇಲ್ಲಿಯೇ. ಒಂದೇ ಹಡಗು ಒಂದೇ ಜಾಗಕ್ಕೆ ಹದಿನಾಲ್ಕು ದಿನಗಳೊಳಗೆ ಮತ್ತೆ ಹೋಗಬಾರದೆಂದು ರಾಷ್ಟ್ರೀಯ ಉದ್ಯಾನದವರು 2012ರಲ್ಲಿ ನಿಯಮ ಮಾಡಿದ್ದರಿಂದ, ಹಡಗುಗಳು ಒಂದು ವಾರ ಒಂದು ದಿಕ್ಕು, ಮರುವಾರ ಇನ್ನೊಂದು ದಿಕ್ಕು ಎಂಬಂತೆ ಸುತ್ತುತ್ತವೆ. ಪಶ್ಚಿಮಕ್ಕೆ ಹೋದರೆ ಫರ್ನಾಂಡಿನಾ ಮತ್ತು ಇಸಬೆಲಾ ದ್ವೀಪಗಳ ಹಾರಲಾರದ ನೀರುಕಾಗೆ ಸಿಗುತ್ತದೆ, ಆಲ್ಬಟ್ರಾಸ್ ತಪ್ಪಬಹುದು. ಮನೆಯವರಿಗೆ ಬೇಕಾಗಿದ್ದುದು ಪೆಂಗ್ವಿನ್. ಅವೂ ಹೆಚ್ಚಾಗಿರುವುದು ಪಶ್ಚಿಮದಲ್ಲಿಯೇ ಆದರೂ ಬಾರ್ತೊಲೊಮೆ ದ್ವೀಪದ ಬಂಡೆಗಳಲ್ಲಿ ಕೆಲವು ಇರುತ್ತವೆ, ನಮ್ಮ ಮಾರ್ಗ ಅಲ್ಲಿಗೂ ಹೋಗುತ್ತದೆ. ರಾಜಿಯಾದದ್ದು ಹೀಗೆ.

ದೊಡ್ಡ ಹಡಗಾದರೆ ಅಲುಗಾಟ ಕಡಿಮೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ. ಗಲಾಪಗೋಸ್‌ನಲ್ಲಿ ದೊಡ್ಡದೆಂದರೂ ನೂರು ಪ್ರಯಾಣಿಕರ ಮಿತಿಯಿದೆ. ಆದರೆ ದಡದಲ್ಲಿ ಒಬ್ಬ ಗೈಡ್ ಜೊತೆಗೆ ಹದಿನಾರು ಜನಕ್ಕಿಂತ ಹೆಚ್ಚು ಇರಬಾರದು. ಹಾಗಾಗಿ ನೂರು ಜನರ ಹಡಗಿನವರು ಗುಂಪುಗಳಾಗಿ ಸರದಿಯಲ್ಲಿ ಇಳಿಯಬೇಕು, ಹದಿನಾರು ಜನರ ಹಡಗಿನವರು ಒಮ್ಮೆಗೇ ರಬ್ಬರ್ ದೋಣಿ ಹತ್ತಿ ಹೊರಡಬಹುದು. ಹಕ್ಕಿ ನೋಡಲು ಅಷ್ಟು ದೂರ ಹೋಗಿ ಸರದಿಗಾಗಿ ಕಾಯುವುದು ನನಗೆ ಸರಿ ಕಾಣಲಿಲ್ಲ. ಅಲುಗಾಟಕ್ಕೆ ಪರಿಹಾರವೆಂದು ಕೆಳ ಅಂತಸ್ತಿನ ನಡುಭಾಗದ ಕ್ಯಾಬಿನ್ ಕೇಳಿದ್ದೇನೆ. ಎಂಜಿನ್ನಿನ ಸದ್ದು ಕೇಳಿಸುತ್ತದೆ, ಇರಲಿ.

ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ವಿದೇಶಿ ವಯಸ್ಕರಿಗೆ 200 ಡಾಲರ್ ಆಗಿದೆ, ಮೊದಲು 100 ಇತ್ತು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಬೆಂಗಳೂರಿನಲ್ಲಿ ಹಾಕಿಸಿಕೊಳ್ಳಬೇಕು. ಇಕ್ವೆಡಾರ್‌ನಿಂದ ಮರಳುವವರಲ್ಲಿ ಅದರ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಕ್ವೆಡಾರ್‌ನ ರಾಜಧಾನಿ ಕೀಟೊ 2,850 ಮೀಟರ್ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು 900 ಮೀಟರ್ ಮೇಲೆ. ಆದ್ದರಿಂದ ಸಮುದ್ರಮಟ್ಟದ ಗ್ವಾಯಾಕಿಲ್‌ನಲ್ಲಿ ತಂಗಿ ಅಲ್ಲಿಂದ ದ್ವೀಪಗಳಿಗೆ ಹಾರುವುದೆಂದು ಬರೆದುಕೊಂಡೆ. ಹಡಗು ಯಾರಿಗೂ ಕಾಯುವುದಿಲ್ಲವಾದ್ದರಿಂದ ಒಂದೆರಡು ದಿನ ಮುಂಚೆಯೇ ತಲುಪಬೇಕು.

ಸಾಮಾನಿನ ತಪಾಸಣೆ ನಮ್ಮಂಥವರಿಗೆ ಕಠಿಣವಾಗಬಹುದು. ಬೀಜ, ಹಣ್ಣು, ಮಣ್ಣು ಯಾವುದನ್ನೂ ಒಯ್ಯುವಂತಿಲ್ಲ, ಅದಕ್ಕೆ ಕಾರಣವೂ ಇದೆ: ಹೊರಗಿನಿಂದ ಬಂದ ಸೀಬೆ ಮತ್ತು ಸಿಂಕೋನಾ ಅಲ್ಲಿನ ಎತ್ತರದ ಪ್ರದೇಶಗಳನ್ನು ಆಕ್ರಮಿಸಿ, ಸ್ಥಳೀಯ ಗಿಡಗಳಿಗೆ ಜಾಗವಿಲ್ಲದಂತೆ ಮಾಡಿವೆ. ಲಂಟಾನ ಕಿತ್ತು ಸುಸ್ತಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂದು ಮಧ್ಯಾಹ್ನ ಇಂಬಳದ ಕಾಲುಚೀಲಗಳನ್ನು ತಿರುವಿಹಾಕಿ ನೋಡಿದೆ. ಹೊಲಿಗೆಯ ಸಂದಿನಲ್ಲಿ ಉತ್ತರಾಣಿಯ ಬೀಜಗಳು ಸಾಲಾಗಿ ಕಚ್ಚಿಕೊಂಡಿದ್ದವು, ಒಗೆದರೂ ಬಿಟ್ಟಿರಲಿಲ್ಲ. ತೋಟದಲ್ಲಿ ಮೆಟ್ಟಿದ ಬೂಟು, ಚೀಲ, ಕಾಲುಚೀಲ ಯಾವುದೂ ಈ ಪ್ರವಾಸಕ್ಕೆ ಬೇಡ, ಎಲ್ಲವನ್ನೂ ಹೊಸದಾಗಿ ಕೊಳ್ಳುವುದೆಂದು ತೀರ್ಮಾನಿಸಿದೆವು. ಮುಂಗಡ ಹಣವನ್ನು ನಾಳೆ ಬ್ಯಾಂಕಿನಿಂದ ಕಳುಹಿಸಬೇಕು; ವೀಸಾದ ಕಾಗದಪತ್ರಗಳನ್ನು ಕೊಯ್ಲು ಆರಂಭವಾಗುವ ಮೊದಲೇ ಜೋಡಿಸಿಡಬೇಕು, ಆಮೇಲೆ ಇಬ್ಬರಿಗೂ ಪುರುಸೊತ್ತಿರುವುದಿಲ್ಲ.