ಅಜ್ಜನ ಹೆಸರಿನ ಬೆನ್ನು ಹತ್ತಿ ದುರ್ಗದ ಸೀಮೆಗೆ

ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿರುವ ಕಾಗದಗಳಲ್ಲಿ ಅಜ್ಜನಿಗೆ ಮೂರು ಹೆಸರುಗಳಿವೆ: ಪಾಲುಪಟ್ಟಿಯಲ್ಲಿ ಓಬಳಯ್ಯ, ಪಹಣಿಯಲ್ಲಿ ಓಬಯ್ಯ, ಹಳೆಯ ಪಡಿತರ ಚೀಟಿಯಲ್ಲಿ ಓಬ್ಲಯ್ಯ. ತಮ್ಮನ ಮಗನಿಗೆ ಅದೇ ಹೆಸರಿಡಬೇಕೆಂದು ದೊಡ್ಡಪ್ಪ ಹಟ ಹಿಡಿದಾಗ, ದಾವಣಗೆರೆಯಲ್ಲೇ ಹುಟ್ಟಿ ಬೆಳೆದ ತಮ್ಮ ಹಿಂದೇಟು ಹಾಕಿದ. ಆ ಹೆಸರು ಕಿವಿಗೆ ಬಿದ್ದೊಡನೆ ಜನ ನಮ್ಮ ಕುಲವನ್ನು ಲೆಕ್ಕ ಹಾಕಿಬಿಡುತ್ತಾರೆ ಎಂಬುದು ಅವನ ತಕರಾರು. ಹೆಸರು ನಿಜಕ್ಕೂ ಕುಲವನ್ನು ಹೇಳುತ್ತದೆಯೇ ಎಂಬ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿತು. ಒಂದು ಭಾನುವಾರ ಬೆಳಿಗ್ಗೆ ದೊಡ್ಡಪ್ಪನನ್ನು ಕರೆದುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ.

ದಾರಿಯಲ್ಲಿ ಸಿಗುವ ಭರಮಸಾಗರದ ಹೆಸರಿನಲ್ಲಿ 1689ರಿಂದ 1721ರವರೆಗೆ ದುರ್ಗವನ್ನಾಳಿದ ಭರಮಣ್ಣನಾಯಕನಿದ್ದಾನೆ. ಈ ಸೀಮೆಯಲ್ಲಿ ಊರಿನ ಹೆಸರೂ ಮನುಷ್ಯರ ಹೆಸರೂ ಹೀಗೆ ಒಂದರೊಳಗೊಂದು ಸೇರಿಕೊಂಡಿರುವುದು ಹೊಸದೇನಲ್ಲ.

ಕೋಟೆಯಲ್ಲಿ ನಾವು ಬೇರೆಲ್ಲೂ ನಿಲ್ಲದೆ ನೇರವಾಗಿ ಓಬವ್ವನ ಕಿಂಡಿಗೆ ಹೋದೆವು. ಬಂಡೆಗಳ ನಡುವಿನ ಆ ಸಂದು ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ತೂರುವಷ್ಟೇ ಇದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಇಲ್ಲಿ ತಲೆ ಹಾಕಿದಾಗ, ಊಟಕ್ಕೆ ಕುಳಿತಿದ್ದ ಕಾವಲುಗಾರ ಗಂಡನನ್ನು ಎಬ್ಬಿಸದೆ ಒನಕೆ ಎತ್ತಿದ ಓಬವ್ವನ ಕಥೆಯನ್ನು ದುರ್ಗದ ಮಕ್ಕಳೂ ಹೇಳುತ್ತಾರೆ. ನನಗೆ ಆ ದಿನ ಮುಖ್ಯವಾದದ್ದು ಅವಳ ಹೆಸರು. ಓಬವ್ವ ಛಲವಾದಿ ಸಮುದಾಯದವಳು. ಅವಳಿಗಿಂತ ಎಷ್ಟೋ ಮೊದಲು ಇದೇ ಕೋಟೆಯಲ್ಲಿ ಆಳಿದ, ಬೇಡ ಕುಲದ ನಾಯಕ ಅರಸನೊಬ್ಬನ ಹೆಸರು ಓಬಣ್ಣ. ಮತ್ತಿ ತಿಮ್ಮಣ್ಣನಾಯಕ, ಓಬಣ್ಣನಾಯಕ, ಕಸ್ತೂರಿ ರಂಗಪ್ಪನಾಯಕ ಎಂದು ವಂಶದ ಮೊದಲ ಹೆಸರುಗಳನ್ನು ಸಾಲಾಗಿ ಹೇಳಿಕೊಂಡರೆ, ತಿರುಮಲೆಯ ತಿಮ್ಮಪ್ಪ, ಆಂಧ್ರದ ಅಹೋಬಲ ಕ್ಷೇತ್ರದ ನರಸಿಂಹ, ರಂಗನಾಥ ಮೂವರೂ ಕಾಣಿಸಿಕೊಳ್ಳುತ್ತಾರೆ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರರ ಗುಡಿಗಳಿರುವ ಬೆಟ್ಟದ ಮೇಲೆ ಆಳಿದವರ ಹೆಸರುಗಳು ವಿಷ್ಣುವಿನವು, ಅದರಲ್ಲೂ ಎರಡು ಪೂರ್ವದ ತೆಲುಗು ಸೀಮೆಯ ಬೆಟ್ಟಗಳಿಂದ ಇಳಿದು ಬಂದವು.

ಓಬ ಎಂಬುದು ಅಹೋಬಲದ ಸವೆದ ರೂಪ. ದಿನನಿತ್ಯದ ಮಾತಿನಲ್ಲಿ ನಡುವಿನ ಹಕಾರ ಸಡಿಲಗೊಂಡು, ಮೊದಲ ಅಕಾರ ಓಕಾರದಲ್ಲಿ ಕರಗಿ, ಅಹೋಬಲ ಓಬಳವಾಯಿತು. ಅದಕ್ಕೆ ಅಯ್ಯ, ಅಣ್ಣ, ಅವ್ವ ಸೇರಿ ಓಬಯ್ಯ, ಓಬಣ್ಣ, ಓಬವ್ವ ಆದರು. ಅತ್ತ ರಾಯಲಸೀಮೆಯಲ್ಲಿ ಓಬುಲೇಸು, ಓಬುಲಮ್ಮ, ಓಬುಲರೆಡ್ಡಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಅಂದರೆ ಬೇಡನೂ ರೆಡ್ಡಿಯೂ ಛಲವಾದಿಯೂ ಒಂದೇ ದೇವರ ಹೆಸರನ್ನು ಹೊತ್ತಿದ್ದಾರೆ.

ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಯಾರೋ 'ಲೇ ಓಬಳೇಶಾ' ಎಂದು ಕೂಗಿದಾಗ ಮೂರು ಕಡೆಯಿಂದ ಮೂವರು ತಿರುಗಿ ನೋಡಿದರು. ದೊಡ್ಡಪ್ಪನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅಲ್ಲಿಂದ ಆಟೋದಲ್ಲಿ ಅಜ್ಜನ ಹಟ್ಟಿಗೆ ಹೋದೆವು. ಎರಡೂ ಬದಿಗೆ ಶೇಂಗಾ ಹೊಲ, ನಡುನಡುವೆ ಜಾಲಿ. ನಮ್ಮವರು ಬೇಡರಲ್ಲೇ ಒಂದು ಪಂಗಡವಾದ ಮ್ಯಾಸ ನಾಯಕರು; ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ಕೋಳಿ ಮುಟ್ಟದ, ದೇವರ ಎತ್ತುಗಳನ್ನು ಸಾಕುವ ಜನ. ದಾವಣಗೆರೆಗೆ ಬಂದ ಮೇಲೆ ನಮ್ಮ ಮನೆಯಲ್ಲಿ ತೆಲುಗು ನಿಂತುಹೋಯಿತು, ಕೋಳಿಯ ನಿಷೇಧ ಮಾತ್ರ ಹೇಗೋ ಉಳಿಯಿತು. ಹಟ್ಟಿಯ ಗುಡಿ ಚಿಕ್ಕದು. ಪೂಜಾರಿ ಒಳಗಿನಿಂದ ದೇವರ ಪೆಟ್ಟಿಗೆಯನ್ನು ತಂದು ಕಂಬಳಿಯ ಮೇಲಿಟ್ಟರು. ಎಣ್ಣೆ ಹಿಡಿದು ಕಪ್ಪಾದ ಮರ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಮುಚ್ಚಳದ ಮೇಲೆ ಮೂರು ಗೆರೆಯ ನಾಮ. ನಡುವಿನ ಕೆಂಪು ಗೆರೆ ಬೆರಳು ತಾಗಿ ತಾಗಿ ಅರ್ಧ ಅಳಿಸಿತ್ತು. ದನಗಳ ಹಿಂದೆ ಮೇವು ಹುಡುಕುತ್ತ ನಡೆದವರಿಗೆ ಹೊತ್ತು ಸಾಗಿಸಬಹುದಾದ ದೇವರೇ ಅನುಕೂಲ ಎಂದು ಆ ಪೆಟ್ಟಿಗೆಯನ್ನು ನೋಡಿದಾಗ ಅನ್ನಿಸಿತು.

ಗುಡಿಯ ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬರು ನಾವು ಯಾರ ಪೈಕಿ ಎಂದು ವಿಚಾರಿಸಿ, 'ನಮ್ಮ ದೇವ್ರು ಬೇಟೆ ಆಡೋ ದೇವ್ರಪ್ಪ' ಎಂದರು. ಮಾತು ಸಣ್ಣದಾದರೂ ನನಗೆ ಅದರಲ್ಲಿ ಅರ್ಧ ಉತ್ತರ ಸಿಕ್ಕಿತು. ನಲ್ಲಮಲ ಕಾಡಿನ ಅಹೋಬಲದಲ್ಲಿ ನರಸಿಂಹನು ಬೇಟೆಗಾರರಾದ ಚೆಂಚು ಜನರ ಹುಡುಗಿ ಚೆಂಚುಲಕ್ಷ್ಮಿಯನ್ನು ಮದುವೆಯಾದನೆಂಬ ಕಥೆಯಿದೆ. ಸಂಕ್ರಾಂತಿಯ ಹೊತ್ತಿಗೆ ಆರಂಭವಾಗುವ ಪಾರುವೇಟ ಉತ್ಸವದಲ್ಲಿ ದೇವರು ಸುಮಾರು 40 ದಿನ ಊರೂರು ಸುತ್ತಿ ಬೇಟೆಯಾಡುತ್ತಾನೆ. ಬೇಡರು ಆ ಉಗ್ರ ದೇವರನ್ನು ಅಳಿಯನೆಂದೋ ನೆಂಟನೆಂದೋ ಕಂಡು ಮಕ್ಕಳಿಗೆ ಅವನ ಹೆಸರಿಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಹೆಸರು ಅವರಲ್ಲೇ ನಿಲ್ಲಲಿಲ್ಲ ಎಂಬುದಕ್ಕೆ ಬೆಳಿಗ್ಗೆ ಕಂಡ ಕಿಂಡಿಯೇ ಇತ್ತು. ಆ ಹೆಸರು ನಮ್ಮವರು ನಡೆದು ಬಂದ ದಿಕ್ಕನ್ನು ಹೇಳೀತು. ಹೊತ್ತವನ ಜಾತಿಯನ್ನು ಹೇಳಲಾರದು.

ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಇಷ್ಟನ್ನೂ ತಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅಹೋಬಲ ಎಂದೇ ಇಡೋಣ, ಕೇಳಲಿಕ್ಕೂ ಚೆನ್ನಾಗಿದೆ ಎಂದ. ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ದೊಡ್ಡಪ್ಪ ಕಣ್ಣು ತೆರೆಯದೆಯೇ ಕೇಳಿದರು: 'ಅಹೋಬಲ ಅಂತ ಕೂಗಿದ್ರೆ ನಮ್ಮಪ್ಪ ತಿರುಗಿ ನೋಡ್ತಿದ್ನೇನು?'