ವಿಲ್ ಆದ ಮೇಲೆ ಸ್ವಲ್ಪ ಜಾಗ ಬಿಡಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಮಧ್ಯಾಹ್ನ ಕೆಲವು ಹುಡುಗ ಹುಡುಗಿಯರು ಇಂಗ್ಲಿಷ್ ಕಲಿಯಲು ಬರುತ್ತಾರೆ. ಉಡುಪಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುವವರು, ಸಿಎ ಆರ್ಟಿಕಲ್‌ಶಿಪ್ ಮಾಡುವವರು, ಕಾಲ್ ಸೆಂಟರ್ ಇಂಟರ್‌ವ್ಯೂಗೆ ತಯಾರಿ ನಡೆಸುವವರು. ಎಲ್ಲರೂ ಕನ್ನಡ ಅಥವಾ ತುಳು ಮನೆಯವರು, ಹೊರಗೆ ಮರಾಠಿ ಹಿಂದಿ ಸಲೀಸಾಗಿ ಮಾತಾಡುತ್ತಾರೆ. ಕ್ಯಾನ್, ಮೇ, ಮಸ್ಟ್, ಶುಡ್, ವಿಲ್ ಅಂತ ಮೋಡಲ್ ವರ್ಬ್‌ಗಳನ್ನು, ಅಂದರೆ ಆಗಬಹುದು, ಆಗಬೇಕು ಥರದ ಅರ್ಥ ಸೇರಿಸುವ ಸಹಾಯಕ ಕ್ರಿಯಾಪದಗಳನ್ನು, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಾರೆ. ಅದರ ಪಕ್ಕ ಒಂದು ಆಡ್ವರ್ಬ್ (ಕ್ರಿಯಾವಿಶೇಷಣ) ಹಾಕಿ ಅಂದರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಡೆಫಿನಿಟ್ಲಿ ಎಲ್ಲಿ ಕೂರಬೇಕು? ಪ್ರಾಬಬ್ಲಿ ಎಲ್ಲಿ?

ಇದರಲ್ಲಿ ಆಶ್ಚರ್ಯ ಏನಿಲ್ಲ. ನಮ್ಮ ಬಹುದು, ಬೇಕು ಎಲ್ಲ ಕ್ರಿಯಾಪದದ ಬಾಲಕ್ಕೇ ಅಂಟಿಕೊಂಡಿರುತ್ತವೆ. ಬರಬಹುದು, ನೋಡಬೇಕು. ನಡುವೆ ಇನ್ನೊಂದು ಪದ ತೂರಿಸಲು ಸಂದೇ ಇಲ್ಲ. ಬರಲೇಬೇಕು ಅನ್ನುವಾಗ ಒಂದು ಏಕಾರ ನುಗ್ಗುತ್ತದೆ, ಅಷ್ಟೇ. ಖಂಡಿತ, ಬಹುಶಃ ಇವೆಲ್ಲ ಅದಕ್ಕಿಂತ ಮುಂಚೆ ಬಂದು ಕೂತಿರುತ್ತವೆ. ಇಂಗ್ಲಿಷಿನಲ್ಲಿ ಮೋಡಲ್ ಬೇರೆ, ಮುಖ್ಯ ವರ್ಬ್ ಬೇರೆ. ಅವೆರಡರ ನಡುವಿನ ಜಾಗವೇ ಆಡ್ವರ್ಬ್‌ಗೆ ಸಹಜವಾದ ಜಾಗ. 'ಐ ವಿಲ್ ಡೆಫಿನಿಟ್ಲಿ ಕಮ್.' 'ಯು ಶುಡ್ ಆಲ್ವೇಸ್ ಚೆಕ್ ದ ಬಿಲ್.' ವರ್ಬ್ ಮತ್ತು ಅದರ ಆಬ್ಜೆಕ್ಟ್ ನಡುವೆ ಮಾತ್ರ ತುರುಕಬೇಡಿ. 'ಐ ವಿಲ್ ಸೆಂಡ್ ಡೆಫಿನಿಟ್ಲಿ ದ ಇನ್‌ವಾಯ್ಸ್' ಅಂದರೆ ಕಿವಿಗೆ ಹಿಡಿಸುವುದಿಲ್ಲ. ಹೇಗೆ ಮಾಡಬೇಕು ಅಂತ ಹೇಳುವ ಕೇರ್‌ಫುಲಿ, ಸ್ಲೋಲಿ ಥರದವು ಕೊನೆಗೆ ಹೋದರೂ ಆರಾಮಾಗಿರುತ್ತವೆ: 'ಯು ಮಸ್ಟ್ ರೀಡ್ ದ ಅಗ್ರಿಮೆಂಟ್ ಕೇರ್‌ಫುಲಿ.' ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಆದರೆ ಹಳೇ ಕಾಲದ ಮೇಷ್ಟ್ರು ಕೆಲವರು ಇದಕ್ಕೆ ಉಲ್ಟಾ ಹೇಳಿಕೊಡುತ್ತಾರೆ. ಮೋಡಲ್ ಮತ್ತು ವರ್ಬ್ ಜೋಡಿಯನ್ನು ಒಡೆಯಬಾರದಂತೆ. ಇದು ನಿಯಮ ಅಲ್ಲ, ಬರೀ ಮೂಢನಂಬಿಕೆ. ಇದಕ್ಕೆ ಒಂದು ಮಜವಾದ ಉದಾಹರಣೆ ಇದೆ. ಅಮೆರಿಕದ ಅಧ್ಯಕ್ಷರ ಪ್ರಮಾಣವಚನದ ಮಾತುಗಳು ಅವರ ಸಂವಿಧಾನದಲ್ಲೇ ಇವೆ, 1787ರಲ್ಲಿ ಬರೆದದ್ದು. ಅದರಲ್ಲಿ 'ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್' ಅಂತಲೇ ಇದೆ. ಅಂದರೆ ಆಡ್ವರ್ಬ್ ಸರಿಯಾಗಿ ನಡುವೆ ಕೂತಿದೆ. 2009ರ ಜನವರಿ 20ರಂದು ಒಬಾಮಾಗೆ ಪ್ರಮಾಣ ಬೋಧಿಸುವಾಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಈ ಫೇತ್‌ಫುಲಿಯನ್ನು ಎತ್ತಿ ವಾಕ್ಯದ ಕೊನೆಗೆ ಹಾಕಿಬಿಟ್ಟರು. ಒಬಾಮಾ ಒಂದು ಕ್ಷಣ ತಡವರಿಸಿದರು, ಆಮೇಲೆ ಅವರೂ ಕೊನೆಯಲ್ಲೇ ಹೇಳಿದರು. ಮಾರನೇ ದಿನ ವೈಟ್ ಹೌಸಿನಲ್ಲಿ ಮತ್ತೆ ಪ್ರಮಾಣ ಮಾಡಿಸಬೇಕಾಯಿತು, ಸುಮ್ನೆ ಯಾಕೆ ತಕರಾರು ಅಂತ. ಭಾಷಾ ವಿಜ್ಞಾನಿ ಸ್ಟೀವನ್ ಪಿಂಕರ್ ಆಗ ಪತ್ರಿಕೆಯಲ್ಲಿ ಬರೆದಿದ್ದರು: ವರ್ಬ್ ಜೋಡಿಯನ್ನು ಒಡೆಯಬಾರದು ಅನ್ನುವ ಹುಸಿ ನಿಯಮ ನ್ಯಾಯಮೂರ್ತಿಗಳ ತಲೆಯಲ್ಲಿ ಕೂತಿತ್ತು, ಅದೇ ಬಾಯಿಗೆ ಬಂತು ಅಂತ. ಅದು ಅವರ ಊಹೆ. ಆದರೂ ನನಗೆ ಈ ಊಹೆ ಇಷ್ಟ.

ಈಗ ನಿಜವಾದ ಕಷ್ಟಕ್ಕೆ ಬರೋಣ. ನಾಟ್ ಬಂದ ಕೂಡಲೇ, ಅದು ಕಾಂಟ್, ವೋಂಟ್‌ಗಳ ಒಳಗೆ ಅಡಗಿದ್ದರೂ ಸರಿ, ಆಟವೇ ಬದಲಾಗುತ್ತದೆ.

ನಮ್ಮಲ್ಲಿ 'ಯಾವಾಗಲೂ ಬರೋಕೆ ಆಗಲ್ಲ' ಅನ್ನುತ್ತೇವೆ. ಯಾವತ್ತೂ ಆಗಲ್ಲ ಅಂತಲೋ, ಪ್ರತಿ ಸಲ ಆಗಲ್ಲ, ಕೆಲವು ಸಲ ಆಗುತ್ತದೆ ಅಂತಲೋ, ಅದು ದನಿಯಿಂದ, ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಪದಗಳ ಸಾಲೇ ಅದನ್ನು ಹೇಳಿಬಿಡುತ್ತದೆ. ನಾಟ್ ಆದ ಮೇಲೆ ಬರುವ ಆಡ್ವರ್ಬ್ ನಾಟ್‌ನ ಹಿಡಿತದಲ್ಲಿರುತ್ತದೆ, ನಾಟ್‌ಗಿಂತ ಮುಂಚೆ ಬಂದದ್ದು ಆ ಹಿಡಿತದಿಂದ ಹೊರಗೆ. 'ವಿ ಕಾಂಟ್ ಆಲ್ವೇಸ್ ಡೆಲಿವರ್ ಆನ್ ಸಂಡೇಸ್' ಅಂದರೆ ಕೆಲವು ಭಾನುವಾರ ಡೆಲಿವರಿ ಇದೆ, ಎಲ್ಲ ಭಾನುವಾರ ಗ್ಯಾರಂಟಿ ಇಲ್ಲ. ನಮ್ಮ ಹುಡುಗರು ಬರೆಯುವ 'ವಿ ಆಲ್ವೇಸ್ ಕಾಂಟ್ ಡೆಲಿವರ್' ಓದಿದವನಿಗೆ ಮಾತ್ರ ಈ ಅಂಗಡಿ ಭಾನುವಾರ ಪೂರ್ತಿ ಬಂದ್ ಅನ್ನಿಸುತ್ತದೆ. ಹಾಗೆ ಪೂರ್ತಿ ಇಲ್ಲ ಅನ್ನಬೇಕಿದ್ದರೆ ನೆವರ್ ಇದೆಯಲ್ಲ.

ಮುಂಬಯಿಯವರಿಗೆ ಚೆನ್ನಾಗಿ ಅರ್ಥವಾಗುವುದು ಹೌಸಿಂಗ್ ಸೊಸೈಟಿ ನೋಟಿಸು, ಆದ್ದರಿಂದ ಕ್ಲಾಸಿನಲ್ಲಿ ನಾನು ಇದನ್ನೇ ಬರೆಯುತ್ತೇನೆ. 'ಯು ಕಾಂಟ್ ಸಿಂಪ್ಲಿ ಎನ್‌ಕ್ಲೋಸ್ ದ ಬಾಲ್ಕನಿ.' ಮನಸ್ಸಿಗೆ ಬಂದ ಹಾಗೆ ಬಾಲ್ಕನಿ ಮುಚ್ಚೋಕೆ ಆಗಲ್ಲ ಕಣಪ್ಪಾ, ಅರ್ಜಿ ಕೊಡು, ಪರ್ಮಿಷನ್ ತಗೋ, ಆಮೇಲೆ ನೋಡೋಣ ಅಂತ. ಬಾಗಿಲು ಪೂರ್ತಿ ಹಾಕಿಲ್ಲ. ಈಗ ಎರಡು ಪದ ಅದಲು ಬದಲು ಮಾಡಿ: 'ಯು ಸಿಂಪ್ಲಿ ಕಾಂಟ್ ಎನ್‌ಕ್ಲೋಸ್ ದ ಬಾಲ್ಕನಿ.' ಮುಗಿಯಿತು, ಸೆಕ್ರೆಟರಿ ಹತ್ತಿರ ಹೋಗಿ ಪ್ರಯೋಜನ ಇಲ್ಲ. ಮೊದಲನೆಯದರಲ್ಲಿ ಸಿಂಪ್ಲಿ ನಾಟ್‌ನ ಹಿಡಿತದಲ್ಲಿದೆ. ಎರಡನೆಯದರಲ್ಲಿ ಅದು ಹೊರಗೆ ನಿಂತು ನಿರಾಕರಣೆಗೇ ಬಲ ಕೊಡುತ್ತಿದೆ.

ರಿಯಲಿ ಕೂಡ ಹೀಗೇ. 'ಐ ರಿಯಲಿ ಕಾಂಟ್ ಕಮ್' ಅಂದರೆ ಖಂಡಿತ ಆಗಲ್ಲ. 'ಐ ಕಾಂಟ್ ರಿಯಲಿ ಸೇ' ಅಂದರೆ ಹೇಳೋಕೆ ಸ್ವಲ್ಪ ಕಷ್ಟ, ಒತ್ತಾಯ ಮಾಡಬೇಡಿ ಅನ್ನುವ ಮೆತ್ತನೆಯ ಜಾರಿಕೆ. ಬಾಸ್ ಮೇಲ್‌ನಲ್ಲಿ ಎರಡನೇ ಥರ ಬರೆದಿದ್ದರೆ ಇನ್ನೊಂದು ಸಲ ಕೇಳಿ ನೋಡಬಹುದು, ಮೊದಲನೇ ಥರ ಬರೆದಿದ್ದರೆ ಬಿಟ್ಟುಬಿಡಿ.

ಪ್ರಾಬಬ್ಲಿ, ಡೆಫಿನಿಟ್ಲಿ, ಸರ್ಟನ್ಲಿ ಇವು ಹೇಳುವವನ ಅಂದಾಜನ್ನು ತೋರಿಸುವ ಪದಗಳು. ಅಂದಾಜಿಗೆ ನಾಟ್ ಹಿಡಿತ ಬೇಡ. ಅದಕ್ಕೇ 'ಐ ಪ್ರಾಬಬ್ಲಿ ವೋಂಟ್ ಕಮ್' ಅನ್ನುತ್ತಾರೆ, 'ಐ ವೋಂಟ್ ಪ್ರಾಬಬ್ಲಿ ಕಮ್' ಅನ್ನುವುದಿಲ್ಲ. ವೋಂಟ್ ಅನ್ನು ಬಿಡಿಸಿ ಬರೆದರೆ 'ಐ ವಿಲ್ ಪ್ರಾಬಬ್ಲಿ ನಾಟ್ ಕಮ್', ಆಗ ಮತ್ತೆ ನಡುವಿನ ಜಾಗ ಸಿಗುತ್ತದೆ. ಎರಡರಲ್ಲೂ ಪ್ರಾಬಬ್ಲಿ ನಾಟ್‌ಗಿಂತ ಮುಂಚೆಯೇ ಇದೆ, ಗಮನಿಸಿದಿರಾ? ಪಾಸಿಬ್ಲಿ ಮಾತ್ರ ಬೇರೆ ಜಾತಿ. 'ಐ ಕಾಂಟ್ ಪಾಸಿಬ್ಲಿ ಪೇ ದಿಸ್' ಅಂದರೆ ಯಾವ ರೀತಿಯಲ್ಲೂ ಕಟ್ಟಲು ಸಾಧ್ಯವೇ ಇಲ್ಲ. ಪಾಸಿಬ್ಲಿ ಇದೆ ಅಂತ ಇದನ್ನು 'ಬಹುಶಃ ಕಟ್ಟಲ್ಲ' ಅಂದುಕೊಂಡರೆ ಕೆಟ್ಟಿತು. ಅದೇ ಪದ ಪ್ರಶ್ನೆಯಲ್ಲಿ ಬಂದರೆ ವಿನಯ: 'ಕುಡ್ ಯು ಪಾಸಿಬ್ಲಿ ಸೆಂಡ್ ಇಟ್ ಟುಡೇ?'

ಇನ್ನು 'ಹಿ ಮೇ ಪಾಸಿಬ್ಲಿ ಕಮ್' ಅಂತ ಎರಡೆರಡು ಅನುಮಾನ ಹಾಕುವುದು ತಪ್ಪಾ? ಕ್ಲಾಸಿನಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ತಪ್ಪಲ್ಲ. ನಾವೂ 'ಬಹುಶಃ ಬರಬಹುದು' ಅನ್ನುತ್ತೇವೆ, ಯಾರಿಗೂ ಅದು ಜಾಸ್ತಿ ಆಯಿತು ಅನ್ನಿಸುವುದಿಲ್ಲ. ಜಾನ್ ಲಯನ್ಸ್ ಅನ್ನುವ ಭಾಷಾ ವಿಜ್ಞಾನಿ 1977ರಲ್ಲೇ ಇಂಥ ಜೋಡಿಯನ್ನು ಹಾರ್ಮೋನಿಕ್ ಅಂತ ಕರೆದಿದ್ದರು: ಮೋಡಲ್ ಮತ್ತು ಆಡ್ವರ್ಬ್ ಎರಡೂ ಒಂದೇ ಶ್ರುತಿಯಲ್ಲಿ ಅದೇ ಅನುಮಾನವನ್ನು ಹೇಳುತ್ತವೆ. ಮಾತಿನಲ್ಲಿ ಧಾರಾಳವಾಗಿ ಬಳಸಿ. ಆಫೀಸ್ ಮೇಲ್‌ನಲ್ಲಿ ಮಾತ್ರ ಒಂದನ್ನು ತೆಗೆಯಿರಿ, ಯಾಕೆಂದರೆ 'ಮೈಟ್ ಪಾಸಿಬ್ಲಿ' ಅಂತ ಬರೆಯುವವನು ಕೆಲಸ ಮಾಡುವುದಿಲ್ಲ ಅಂತಲೇ ಓದಿದವರು ತಿಳಿಯುತ್ತಾರೆ.

ಕೊನೆಗೆ ಒಂದು ಜೋಡಿ, ಇದನ್ನು ಹಾಗೇ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. 'ದ ಟ್ರೇನ್ ಮೇ ವೆಲ್ ಬಿ ಲೇಟ್' ಅಂದರೆ ತಡವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ ಅಂತ, ಬರೀ ಮೇಗಿಂತ ಗಟ್ಟಿ. ಇಲ್ಲಿ ವೆಲ್‌ಗೂ ಒಳ್ಳೆಯದಕ್ಕೂ ಸಂಬಂಧ ಇಲ್ಲ. 'ವಿ ಮೈಟ್ ಆ್ಯಸ್ ವೆಲ್ ಸ್ಟೇ ಹೋಮ್' ಅಂದರೆ ಅನುಮಾನದ ಮಾತೇ ಅಲ್ಲ. ಇದಕ್ಕಿಂತ ಒಳ್ಳೆ ದಾರಿ ಯಾವುದೂ ಕಾಣದು, ಮನೆಯಲ್ಲೇ ಇದ್ದುಬಿಡೋಣ ಅಂತ. ರಿಪೇರಿಗೆ ಅಂತ ಲೋಕಲ್ ಟ್ರೇನ್ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಿನ ದಾದರ್‌ಗೆ ಹೊರಟವರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳುವ ಮಾತು ಇದೇ ಅಲ್ವಾ?