ಮಗಳ ತೂಕದ ಬೆಲ್ಲ

ಮಗುವಿನ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆಂದು ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹರಕೆ ಹೊತ್ತವರು ನಮ್ಮತ್ತೆ. ಆಗ ಮಗಳ ತೂಕ ಒಂದು ಕೆಜಿ ನೂರು ಗ್ರಾಂ. 28 ವಾರಕ್ಕೇ ಹುಟ್ಟಿದ ಕೂಸು. ಮಂಡ್ಯದಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ ತಂದು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದೆವು.

ಶ್ವಾಸಕೋಶ ಬಲಿತಿರಲಿಲ್ಲ. ಸರ್ಫ್ಯಾಕ್ಟಂಟ್ ಎಂಬ ಔಷಧಿಯನ್ನು ನಳಿಗೆಯಲ್ಲಿ ನೇರ ಶ್ವಾಸಕೋಶಕ್ಕೇ ಬಿಟ್ಟರು. ದಿನ ತುಂಬದ ಮಕ್ಕಳು ಉಸಿರಾಡುವುದನ್ನೇ ಮರೆಯುತ್ತವೆ. ಅದಕ್ಕೆ ಕೆಫೀನ್ ಕೊಡುತ್ತಾರೆ. ಆದರೂ ಮಾನಿಟರ್ ಕೂಗಿಕೊಳ್ಳುತ್ತಿತ್ತು. ಸಿಸ್ಟರ್ ಓಡಿಬಂದು ಅಂಗಾಲನ್ನು ಬೆರಳ ತುದಿಯಿಂದ ತಟ್ಟಿದರೆ ಪುಟ್ಟ ಎದೆ ಮತ್ತೆ ಏಳುತ್ತಿತ್ತು. ಆ ಬೆರಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ರಕ್ತಕ್ಕೆ ನಂಜು ಏರಿದೆ ಎಂದ ದಿನ ಹಾಲು ನಿಲ್ಲಿಸಿದರು, ಮತ್ತೆ ವೆಂಟಿಲೇಟರ್ ಹಾಕಿದರು. ವಿಷ ಕುಡಿದು ಲೋಕ ಉಳಿಸಿದವನಿಗಲ್ಲದೆ ಇನ್ಯಾರಿಗೆ ಹೇಳಿಕೊಳ್ಳುವುದು ಎಂದು ಅತ್ತೆ ನಂಜನಗೂಡಿಗೆ ಹೊರಟರು. ಪುರುಡು ಅಷ್ಟರಲ್ಲಿ ಕಳೆದಿತ್ತು. ಕಪಿಲೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಉರುಳುಸೇವೆ ಮಾಡಿ ಬಂದರು. ವಿಭೂತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಮಗುವಿನ ಹಣೆಗೆ ಹಚ್ಚಬೇಕು ಎಂದಾಗ ಸಿಸ್ಟರ್, "ಅಮ್ಮಾ, ಒಳಗೆ ಏನೂ ತರಂಗಿಲ್ಲ, ಸೋಂಕು ತಗುಲುತ್ತೆ" ಅಂದರು. ಅತ್ತೆ ಹಟ ಮಾಡಲಿಲ್ಲ. ಚಿಟಿಕೆ ವಿಭೂತಿ ತಾವೇ ಇಟ್ಟುಕೊಂಡು ಬೆಂಚಿನ ಮೇಲೆ ಕೂತರು. "ನಂಜುಂಡಪ್ಪ ಅವ್ನೆ ಕಣವ್ವ, ನೀ ಮೊದ್ಲು ಒಂದ್ ತುತ್ತು ತಿನ್ನು. ನಿಂಗೆ ಹಾಲಿದ್ರೆ ತಾನೆ ಕೂಸಿಗೆ" ಅಂದರು. ನಾನು ಬಳೆ, ಉಂಗುರ ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಒಳಗೆ ಹೋದೆ. ಅದು ನನಗೆ ಗರ್ಭಗುಡಿಗೆ ಹೋಗುವವರ ಮಡಿಯ ಹಾಗೆಯೇ ಇತ್ತು. ದೇವರು ಉಳಿಸಿದನೋ ಡಾಕ್ಟರು ಉಳಿಸಿದರೋ ಎಂದು ಈಗಲೂ ಕೇಳುವವರಿದ್ದಾರೆ. ಕೈ ತೊಳೆದು ಅವಳ ಹತ್ತಿರ ಬಂದ ಪ್ರತಿಯೊಬ್ಬರಲ್ಲೂ ನಾನು ಅವನನ್ನೇ ಕಂಡಿದ್ದೇನೆ. ಹಾಗಾಗಿ ಆ ಪ್ರಶ್ನೆ ನನಗೆ ಹಿಡಿಸುವುದಿಲ್ಲ. ಹರಕೆ ಹೊತ್ತು ಆಸ್ಪತ್ರೆ ಬಿಟ್ಟುಬರುವವರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಂಟಿಬಯೋಟಿಕ್ ಹಿಡಿಯಿತು. ಹಿಂಡಿಕೊಟ್ಟ ಹಾಲು ಒಂದು ಮಿಲಿಯಿಂದ ಮತ್ತೆ ಶುರುವಾಯಿತು. ಬೆಳಿಗ್ಗೆ ತೂಕ ನೋಡುವ ಹೊತ್ತಿಗೆ ನನ್ನ ಬಾಯಲ್ಲಿ ಪಂಚಾಕ್ಷರಿ. ಇಪ್ಪತ್ತು ಗ್ರಾಂ ಏರಿದರೆ ಹಬ್ಬ, ಹತ್ತು ಇಳಿದರೆ ಊಟ ಸೇರುತ್ತಿರಲಿಲ್ಲ. ಕಾಂಗರೂ ಆರೈಕೆ ಎಂದು ಬರಿಯ ಎದೆಗೆ ಅವಳನ್ನು ಒರಗಿಸಿ ಕಟ್ಟಿದ ದಿನ ಅವಳ ಕಿವಿ ನನ್ನ ಗುಂಡಿಗೆಯ ಮೇಲಿತ್ತು. ಶಿವ ಶಿವ ಅಂದುಕೊಂಡದ್ದೆಲ್ಲ ಅವಳಿಗೆ ಕೇಳಿಸಿರಬೇಕು.

ನಾಲ್ಕು ವಾರ ಆಗುತ್ತಲೇ ಕಣ್ಣಿನ ತಪಾಸಣೆ. ಇಂಥ ಮಕ್ಕಳ ಕಣ್ಣಿನ ಒಳಪದರದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಸಕಾಲಕ್ಕೆ ನೋಡದಿದ್ದರೆ ದೃಷ್ಟಿಯೇ ಹೋಗಬಹುದು. ಹಿಂದಿನ ರಾತ್ರಿ ಅತ್ತೆ ಟಿಪ್ಪುವಿನ ಆನೆಯ ಕಥೆ ಹೇಳಿದರು. ಅದರ ಕಣ್ಣಿನ ಬೇನೆಯನ್ನು ನಂಜುಂಡ ವಾಸಿಮಾಡಿದನಂತೆ, ಸುಲ್ತಾನ ಪಚ್ಚೆಲಿಂಗ ಕೊಟ್ಟು ಹಕೀಮ್ ನಂಜುಂಡ ಎಂದು ಕರೆದನಂತೆ. ಆನೆಯ ಕಣ್ಣು ನೋಡಿದವನು ಇಷ್ಟು ಪುಟ್ಟ ಕಣ್ಣು ನೋಡದೆ ಇರುತ್ತಾನೆಯೇ ಎಂದು ನಾನೂ ನಂಬಿದೆ. ತಪಾಸಣೆಗಳು ಮುಗಿಯುವ ಹೊತ್ತಿಗೆ ನಾಳಗಳು ತಾವಾಗಿ ಬೆಳೆದಿದ್ದವು.

ಮೊನ್ನೆ ಹರಕೆ ತೀರಿಸಿದೆವು. ಅರ್ಚಕರು ಮಗುವಿಗೆಷ್ಟು ವಯಸ್ಸು ಅಂದರು. ಹುಟ್ಟಿದ ಲೆಕ್ಕದಲ್ಲಿ ವರ್ಷ, ದಿನ ತುಂಬಬೇಕಿದ್ದ ಲೆಕ್ಕದಲ್ಲಿ ಒಂಬತ್ತು ತಿಂಗಳು. ವರ್ಷ ಎಂದೆ. ತಕ್ಕಡಿಯಲ್ಲಿ ಕೂರಿಸಿದರೆ ಕಾಲು ಝಾಡಿಸಿ ಸರಪಳಿ ಹಿಡಿದು ಎಳೆದಳು. ಆಲೆಮನೆಯಿಂದ ತಂದ ಅಚ್ಚುಬೆಲ್ಲ ಒಂದೊಂದಾಗಿ ಏರಿಸುತ್ತಾ ಹೋದ ಅತ್ತೆ, ತಟ್ಟೆ ಸಮವಾದರೂ ಇನ್ನೆರಡು ಅಚ್ಚು ಇಟ್ಟರು.

ಉಳಿದ ಬೆಲ್ಲವನ್ನು ಸಿಸ್ಟರ್‌ಗಳ ಪಾಲು ಎಂದು ಗಂಟು ಕಟ್ಟಿ, ರೈಲಿನಲ್ಲಿ ಮೈಸೂರಿಗೆ ಬಂದು ವಾರ್ಡಿನ ಬಾಗಿಲಲ್ಲಿ ಕೊಟ್ಟೆವು. ಅಲ್ಲೊಬ್ಬ ಎಳೆ ಬಾಣಂತಿ, "ನಿಮ್ ಮಗು ಎಷ್ಟಿತ್ತಕ್ಕ?" ಅಂದಳು. ಹೇಳಿದೆ. ಅವಳದು ಒಂಬೈನೂರು ಗ್ರಾಮಂತೆ. ಅತ್ತೆ ಅವಳ ಪಕ್ಕ ಕೂತು, ಊಟ ಆಯ್ತೇನವ್ವ ಎಂದು ವಿಚಾರಿಸಿದರು.